‘ಎಕ್ಸ್‌ಚೇಂಜ್ ಪ್ರೋಗ್ರಾಂ’ ಇದ್ದರೆ ವರ್ಕ್ ಪರ್ಮಿಟ್ ಬೇಡವಂತೆ! ಈ ಮಾತು ಎಷ್ಟು ನಿಜ?

ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಆಗಾಗ ಒಂದೇ ಅಚ್ಚಿನ ಸಂದೇಶಗಳು ಬಂದು ಬೀಳುತ್ತವೆ. ದೇಶದ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಜಪಾನ್, ಒಮ್ಮೆ ಅಮೆರಿಕ, ಇನ್ನೊಮ್ಮೆ ಬ್ರಿಟನ್ ಅಥವಾ ಕೆನಡಾ. ಒಳಗಿನ ಮಾತು ಹೆಚ್ಚುಕಡಿಮೆ ಇಷ್ಟೇ: ಇದು ಎರಡು ಸರ್ಕಾರಗಳ ನಡುವಿನ ಎಕ್ಸ್‌ಚೇಂಜ್ ಪ್ರೋಗ್ರಾಂ, ಹಾಗಾಗಿ ವರ್ಕ್ ಪರ್ಮಿಟ್ ಬೇಕಿಲ್ಲ, ಎಸ್‌ಎಸ್‌ಎಲ್‌ಸಿ ಅಥವಾ ಐಟಿಐ ಆಗಿದ್ದರೆ ಸಾಕು, ಸೀಟು ಕಡಿಮೆ ಇವೆ, ಮೊದಲು ಫೈಲ್ ಚಾರ್ಜ್ ಕಟ್ಟಿ. ಕೊನೆಗೆ ಒಂದು ಮೊಬೈಲ್ ನಂಬರ್, ಅದರ ಕೆಳಗೆ ಬಡವರ ಮಕ್ಕಳಿಗೆ ಉಪಯೋಗವಾಗಲಿ, ಎಲ್ಲರಿಗೂ ಕಳಿಸಿ ಎಂಬ ವಿನಂತಿ.

ದೇವಸುಗೂರು, ಶಕ್ತಿನಗರ, ದೇವದುರ್ಗ, ಮಾನ್ವಿ ಕಡೆ ಇಂಥ ಸಂದೇಶವನ್ನು ಗಮನವಿಟ್ಟು ಓದುವವರು ಕಡಿಮೆಯೇನಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿ ಗುತ್ತಿಗೆ ಕೆಲಸದಲ್ಲೇ ದಿನ ಕಳೆಯುವ ಹುಡುಗರು ಇಲ್ಲಿ ಮನೆಮನೆಗೆ ಸಿಗುತ್ತಾರೆ. ದುಡಿಮೆಗಾಗಿ ಬೆಂಗಳೂರು, ಪುಣೆ, ಗೋವಾ ಕಡೆ ಗುಳೆ ಹೋಗುವುದು ಈ ಸೀಮೆಗೆ ಹೊಸದೂ ಅಲ್ಲ. ಫಾರ್ವರ್ಡ್ ಮಾಡುವವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ನಮ್ಮ ಅಣ್ಣನ ಮಗನಿಗೆ ದಾರಿಯಾದರೆ ಆಗಲಿ ಎಂಬ ಆಸೆ ಇರುತ್ತದೆ. ಆದರೆ ಈ ಒಂದು ಸಂದೇಶ ನಂಬಿ ಹೊಲ ಅಡವಿಟ್ಟರೆ, ಬಡ್ಡಿಗೆ ಸಾಲ ತಂದರೆ, ಅದನ್ನು ತೀರಿಸುವವರು ಮನೆಯವರೇ.

ಹಾಗಾಗಿ ಮೊದಲೇ ಚುಟುಕಾಗಿ ಉತ್ತರ ಹೇಳಿಬಿಡೋಣ. ಎಕ್ಸ್‌ಚೇಂಜ್ ಪ್ರೋಗ್ರಾಂಗಳು ನಿಜವಾಗಿಯೂ ಇವೆ. ಕೆಲವು ದೇಶಗಳಲ್ಲಿ ಅವುಗಳಿಗೆ ‘ವರ್ಕ್ ಪರ್ಮಿಟ್’ ಎಂಬ ಹೆಸರಿನ ಪ್ರತ್ಯೇಕ ಕಾಗದ ಬೇಕಿಲ್ಲ ಎಂಬುದೂ ನಿಜ. ಆದರೆ ಕೆಲಸ ಮಾಡಲು ಆ ದೇಶದ ಸರ್ಕಾರದ ಅನುಮತಿಯೇ ಬೇಡ ಎಂಬುದು ಎಲ್ಲೂ ನಿಜವಲ್ಲ. ಆ ಅನುಮತಿಯನ್ನು ಇಲ್ಲಿನ ಯಾವ ಏಜೆಂಟನೂ ಮಾರಲಾರ.

ಪಾಸ್‌ಪೋರ್ಟ್, ವೀಸಾ, ವರ್ಕ್ ಪರ್ಮಿಟ್: ಮೂರೂ ಬೇರೆ

ಈ ಮೂರನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಮೋಸ ನಡೆಯುತ್ತದೆ.

ಪಾಸ್‌ಪೋರ್ಟ್ ಕೊಡುವುದು ಭಾರತ ಸರ್ಕಾರ. ನೀವು ಈ ದೇಶದವರು ಎಂಬುದಕ್ಕೆ ಅದು ಗುರುತು. ವೀಸಾ ಕೊಡುವುದು ನೀವು ಹೋಗಬೇಕಾದ ದೇಶ. ಇಂಥ ಉದ್ದೇಶಕ್ಕೆ, ಇಷ್ಟು ದಿನಕ್ಕೆ ನಮ್ಮ ಗಡಿಗೆ ಬರಬಹುದು ಎಂದು ಅದು ಹೇಳುತ್ತದೆ. ವರ್ಕ್ ಪರ್ಮಿಟ್ ಎಂದರೆ ಒಳಗೆ ಬಂದ ಮೇಲೆ ದುಡಿಯಲು ಆ ದೇಶ ಕೊಡುವ ಅನುಮತಿ. ಕೆಲವು ದೇಶಗಳಲ್ಲಿ ವೀಸಾದೊಳಗೇ ಈ ಅನುಮತಿ ಸೇರಿರುತ್ತದೆ, ಕೆಲವು ಕಡೆ ಅದು ಬೇರೆ ಕಾಗದ.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ದೊಡ್ಡ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಧಾರ್ ಕಾರ್ಡ್ ಇದ್ದ ಮಾತ್ರಕ್ಕೆ ಗೇಟಿನೊಳಗೆ ಬಿಡುವುದಿಲ್ಲ, ಗೇಟ್ ಪಾಸ್ ಬೇಕು. ಸಂದರ್ಶಕರ ಪಾಸ್ ಇದ್ದವರು ಒಳಗೆ ಹೋಗಬಹುದು, ಆದರೆ ಸ್ಪ್ಯಾನರ್ ಹಿಡಿಯುವಂತಿಲ್ಲ. ಕೆಲಸದ ಪಾಸ್ ಇದ್ದವರಿಗೂ ಯಾವ ಗುತ್ತಿಗೆದಾರ, ಎಷ್ಟು ದಿನ ಎಂಬ ಮಿತಿ ಇರುತ್ತದೆ. ಒಬ್ಬ ಗುತ್ತಿಗೆದಾರನ ಪಾಸ್ ತೋರಿಸಿ ಇನ್ನೊಬ್ಬನ ಕೈಕೆಳಗೆ ದುಡಿಯಲು ಆಗುವುದಿಲ್ಲ. ಇಲ್ಲಿ ಆಧಾರ್ ಹೇಗೋ ವಿದೇಶದಲ್ಲಿ ಪಾಸ್‌ಪೋರ್ಟ್ ಹಾಗೆ. ಸಂದರ್ಶಕರ ಪಾಸ್ ವಿಸಿಟ್ ವೀಸಾ ಇದ್ದಂತೆ. ಕೆಲಸದ ಪಾಸ್ ವರ್ಕ್ ಪರ್ಮಿಟ್ ಇದ್ದಂತೆ.

ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲಿ ಪರ್ಮಿಟ್ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟ್, ಸಂದರ್ಶಕರ ಪಾಸ್ ಕೊಟ್ಟು ಬಾಯ್ಲರ್ ರಿಪೇರಿಗೆ ಇಳಿಸುವ ಮೇಸ್ತ್ರಿ ಇದ್ದ ಹಾಗೆ. ಸಿಕ್ಕಿಬಿದ್ದಾಗ ಹೊರಗೆ ಹಾಕುವುದು ನಿಮ್ಮನ್ನು, ಅವನನ್ನಲ್ಲ.

ಎಕ್ಸ್‌ಚೇಂಜ್ ಎಂದರೆ ಅಪ್ರೆಂಟಿಸ್ ಇದ್ದ ಹಾಗೆ

ಎಕ್ಸ್‌ಚೇಂಜ್ ಎಂಬ ಪದಕ್ಕೆ ‘ವಿನಿಮಯ’ ಎಂಬ ಅರ್ಥ. ಒಂದು ದೇಶದವರು ಇನ್ನೊಂದು ದೇಶಕ್ಕೆ ಹೋಗಿ ಕಲಿತು, ಕಲಿಸಿ, ಅನುಭವ ಪಡೆದು ಮರಳಬೇಕು ಎಂಬುದು ಇಲ್ಲಿನ ಮೂಲ ಆಶಯ. ‘ಮರಳಬೇಕು’ ಎಂಬ ಮಾತನ್ನು ಫಾರ್ವರ್ಡ್‌ಗಳು ನುಂಗಿಬಿಡುತ್ತವೆ.

ಅಮೆರಿಕ 1961ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು. ಅದರ ಅಡಿಯಲ್ಲಿ ಕೊಡುವುದೇ ಜೆ-1 ವೀಸಾ. ನಮ್ಮಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದೂ ಅದೇ 1961ರಲ್ಲಿ. ಈ ಎರಡಕ್ಕೂ ಸಂಬಂಧವಿಲ್ಲ, ಆದರೆ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಐಟಿಐ ಮುಗಿಸಿದ ಹುಡುಗ ಒಂದು ಸಂಸ್ಥೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದರೆ ಅವನಿಗೆ ಒಪ್ಪಂದ ಇರುತ್ತದೆ, ಸ್ಟೈಪೆಂಡ್ ಇರುತ್ತದೆ, ಅವಧಿ ಇರುತ್ತದೆ. ಆದರೆ ಕಾಯ್ದೆಯ ಪ್ರಕಾರ ಅವನು ಕಲಿಯುವವನೇ ಹೊರತು ನೌಕರನಲ್ಲ. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಅಪ್ರೆಂಟಿಸ್ ಆಗಿ ಸೇರಿಸಿ ಖಾಯಂ ಮಾಡಿಸುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ನಮಗೆ ಅನುಮಾನ ಬರುತ್ತದೆ. ವಿದೇಶದ ಹೆಸರು ಬಂದಾಗಲೂ ಅದೇ ಅನುಮಾನ ಬರಬೇಕು.

ಜೆ-1 ಹೇಗೆ ನಡೆಯುತ್ತದೆ ನೋಡಿ. ಅಮೆರಿಕದ ವಿದೇಶಾಂಗ ಇಲಾಖೆ ಕೆಲವು ಸಂಸ್ಥೆಗಳನ್ನು ‘ಪ್ರಾಯೋಜಕರು’ ಎಂದು ಗುರುತಿಸಿರುತ್ತದೆ. ಆ ಸಂಸ್ಥೆಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಪ್ರಾಯೋಜಕ ಸಂಸ್ಥೆ ಅಭ್ಯರ್ಥಿಗೆ ಡಿಎಸ್-2019 ಎಂಬ ಫಾರಂ ಕೊಡುತ್ತದೆ. ಇಂಟರ್ನ್ ಅಥವಾ ಟ್ರೇನಿ ಆಗಿ ಹೋಗುವವರಿಗೆ ಡಿಎಸ್-7002 ಎಂಬ ತರಬೇತಿ ಯೋಜನೆಯೂ ಬೇಕು. ಯಾವ ಕಂಪನಿ, ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಎಷ್ಟು ಹಣ ಕೊಡುತ್ತಾರೆ ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಈ ಕಾಗದಗಳು ಇದ್ದರೆ ಬೇರೆ ವರ್ಕ್ ಪರ್ಮಿಟ್ ಬೇಡ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಬಂದದ್ದು ಇಲ್ಲಿಂದ. ಉಳಿದರ್ಧ ಏನೆಂದರೆ, ಆ ಕಾಗದದಲ್ಲಿ ಬರೆದ ಜಾಗದಲ್ಲಿ, ಬರೆದ ಕೆಲಸ ಮಾತ್ರ ಮಾಡಬೇಕು. ಪಕ್ಕದ ಹೋಟೆಲಿನಲ್ಲಿ ಸಂಜೆ ಎರಡು ತಾಸು ದುಡಿದರೂ ಅದು ನಿಯಮ ಮುರಿದಂತೆ.

ಅರ್ಹತೆಯೂ ಎಸ್‌ಎಸ್‌ಎಲ್‌ಸಿಗೆ ನಿಲ್ಲುವುದಿಲ್ಲ. ಇಂಟರ್ನ್ ಆಗಲು ಅಮೆರಿಕದ ಹೊರಗಿನ ಕಾಲೇಜಿನಲ್ಲಿ ಓದುತ್ತಿರಬೇಕು, ಇಲ್ಲವೇ ಪದವಿ ಮುಗಿಸಿ 12 ತಿಂಗಳು ದಾಟಿರಬಾರದು. ಅವಧಿ ಹೆಚ್ಚೆಂದರೆ 12 ತಿಂಗಳು. ಟ್ರೇನಿ ಆಗಲು ಪದವಿ ಅಥವಾ ವೃತ್ತಿ ಪ್ರಮಾಣಪತ್ರದ ಜೊತೆ ಒಂದು ವರ್ಷದ ಅನುಭವ ಬೇಕು, ಅದಿಲ್ಲದಿದ್ದರೆ ಆ ಕ್ಷೇತ್ರದಲ್ಲಿ ಐದು ವರ್ಷದ ಅನುಭವ ಬೇಕು. ಇಲ್ಲಿ ಮಿತಿ ಸಾಮಾನ್ಯವಾಗಿ 18 ತಿಂಗಳು. ಕೌಶಲ ಬೇಡದ ಕೂಲಿ ಕೆಲಸ, ಮಕ್ಕಳನ್ನು ಅಥವಾ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಈ ಎರಡೂ ವರ್ಗಗಳಲ್ಲಿ ನಿಷಿದ್ಧ. ಹಾಗಾಗಿ ಜೆ-1 ಟ್ರೇನಿ ಹೆಸರಿನಲ್ಲಿ ಪ್ಯಾಕಿಂಗ್ ಕೆಲಸ ಅಥವಾ ಮನೆಗೆಲಸ ಎಂದು ಯಾರಾದರೂ ಹೇಳಿದರೆ, ಆ ಒಂದು ವಾಕ್ಯವೇ ಸುಳ್ಳಿಗೆ ಸಾಕ್ಷಿ.

ಡಾಕ್ಟರುಗಳ ಉದಾಹರಣೆ

ಈ ವೀಸಾವನ್ನು ಚೆನ್ನಾಗಿ ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದ ಆಸ್ಪತ್ರೆಗಳಿಗೆ ರೆಸಿಡೆನ್ಸಿ ತರಬೇತಿಗೆ ಹೋಗುವ ವೈದ್ಯರಲ್ಲಿ ಅನೇಕರು ಹೋಗುವುದು ಜೆ-1ರಲ್ಲೇ. ಹಗಲು ರಾತ್ರಿ ದುಡಿಯುತ್ತಾರೆ, ಸಂಬಳವೂ ಬರುತ್ತದೆ. ಆದರೂ ಕಾನೂನಿನ ಕಣ್ಣಿನಲ್ಲಿ ಅದು ವಿನಿಮಯ ಕಾರ್ಯಕ್ರಮ.

ಅದರ ಫಲವಾಗಿ ತರಬೇತಿ ಮುಗಿದ ಮೇಲೆ ಅವರು ಎರಡು ವರ್ಷ ತಾಯ್ನಾಡಿಗೆ ಮರಳಿ ಇರಬೇಕು. ಆಮೇಲಷ್ಟೇ ಅಮೆರಿಕದಲ್ಲಿ ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮಾತು. ಇದರಿಂದ ವಿನಾಯಿತಿ ಪಡೆಯಲು ಹೆಚ್ಚಿನವರು ಹಿಡಿಯುವ ದಾರಿ, ಡಾಕ್ಟರುಗಳ ಕೊರತೆ ಇರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸುವುದು. ಅಂಥ ವಿನಾಯಿತಿ ಒಂದು ರಾಜ್ಯಕ್ಕೆ ವರ್ಷಕ್ಕೆ 30 ಮಂದಿಗೆ ಮಾತ್ರ.

ಬೇರೆ ಕ್ಷೇತ್ರದವರಿಗೆ ಈ ನಿಯಮ ಸಡಿಲವಾಗಿದೆ. ಯಾವ ದೇಶದ ಯಾವ ಪರಿಣತರು ಕಡ್ಡಾಯವಾಗಿ ಮರಳಬೇಕು ಎಂಬ ಪಟ್ಟಿಯಿಂದ ಅಮೆರಿಕ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ಕೈಬಿಟ್ಟಿತು. ಆದರೆ ಸರ್ಕಾರದ ಹಣದಿಂದ ಹೋದವರಿಗೂ ತರಬೇತಿಗೆ ಹೋದ ವೈದ್ಯರಿಗೂ ಎರಡು ವರ್ಷದ ನಿಯಮ ಹಾಗೇ ಇದೆ. ಎಂಬಿಬಿಎಸ್ ಓದಿದವರಿಗೇ ಇಷ್ಟೆಲ್ಲ ಷರತ್ತು ಇರುವಾಗ, ಯಾವ ಷರತ್ತೂ ಇಲ್ಲದ ಎಕ್ಸ್‌ಚೇಂಜ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು.

ಜಪಾನ್‌ನ 50 ಸಾವಿರ: ಸುದ್ದಿ ನಿಜ, ಫಾರ್ವರ್ಡ್ ಸುಳ್ಳು

2025ರ ಆಗಸ್ಟ್‌ನಲ್ಲಿ ಭಾರತದ ಪ್ರಧಾನಿ ಜಪಾನ್‌ಗೆ ಭೇಟಿ ಕೊಟ್ಟಾಗ ಎರಡೂ ದೇಶಗಳು ಒಂದು ಗುರಿ ಇಟ್ಟುಕೊಂಡವು. ಐದು ವರ್ಷದಲ್ಲಿ ಎರಡೂ ಕಡೆಯಿಂದ ಒಟ್ಟು 5 ಲಕ್ಷ ಜನರ ಓಡಾಟ ಆಗಬೇಕು, ಅದರಲ್ಲಿ ಭಾರತದಿಂದ ಹೋಗುವ ಕುಶಲ ಹಾಗೂ ಅರೆಕುಶಲ ಕೆಲಸಗಾರರು ಮತ್ತು ಪ್ರತಿಭಾವಂತರು 50 ಸಾವಿರ ಇರಬೇಕು ಎಂಬುದು ಆ ಗುರಿ. ಇದು ಗುರಿ ಮಾತ್ರ. 50 ಸಾವಿರ ಹುದ್ದೆಗಳ ನೇಮಕಾತಿ ಪ್ರಕಟಣೆಯಲ್ಲ.

ಜಪಾನ್‌ಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಮೊದಲನೆಯದು 1993ರಿಂದ ಇರುವ ಟೆಕ್ನಿಕಲ್ ಇಂಟರ್ನ್ ತರಬೇತಿ ಕಾರ್ಯಕ್ರಮ. ಇದಕ್ಕಾಗಿ ಭಾರತ ಮತ್ತು ಜಪಾನ್ 2017ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. ನಮ್ಮ ಕಡೆಯಿಂದ ರಾಷ್ಟ್ರೀಯ ಕೌಶಲ್ಯ ಅಭಿವೃದ್ಧಿ ನಿಗಮ ಇದನ್ನು ನೋಡಿಕೊಳ್ಳುತ್ತದೆ, ಮಾನ್ಯತೆ ಪಡೆದ ಸಂಸ್ಥೆಗಳು ಮಾತ್ರ ಅಭ್ಯರ್ಥಿಗಳನ್ನು ಕಳಿಸಬಹುದು. ಎರಡನೆಯದು ಜಪಾನ್ 2019ರಲ್ಲಿ ತಂದ ನಿರ್ದಿಷ್ಟ ಕೌಶಲ ಕೆಲಸಗಾರರ ವೀಸಾ. ಇದಕ್ಕೆ ಎರಡು ದೇಶಗಳು ಸಹಿ ಹಾಕಿದ್ದು 2021ರ ಜನವರಿಯಲ್ಲಿ. ಇದರಲ್ಲಿ ಹೋಗುವವರು ಸಾಮಾನ್ಯವಾಗಿ ಆಯಾ ಕೆಲಸದ ಪರೀಕ್ಷೆ ಮತ್ತು ಜಪಾನಿ ಭಾಷೆಯ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಭಾಷೆ ಕಲಿಯಲು ತಿಂಗಳುಗಟ್ಟಲೆ ಬೇಕು. ‘15 ದಿನದಲ್ಲಿ ಜಪಾನ್’ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಇಲ್ಲಿಯೂ ಕೆಲಸದ ಅನುಮತಿ ಹುಟ್ಟುವುದು ಜಪಾನ್‌ನಲ್ಲಿ. ನಿಮ್ಮನ್ನು ತೆಗೆದುಕೊಳ್ಳುವ ಕಡೆಯವರು ಅಲ್ಲಿನ ವಲಸೆ ಇಲಾಖೆಗೆ ಅರ್ಜಿ ಹಾಕಿ ಅರ್ಹತಾ ಪ್ರಮಾಣಪತ್ರ ಪಡೆಯುತ್ತಾರೆ. ಅದು ಬಂದ ಮೇಲೆ ನೀವು ವೀಸಾ ಕೇಳುತ್ತೀರಿ. ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತು ಯಾರೂ ಅದನ್ನು ಬರೆದುಕೊಡಲು ಆಗುವುದಿಲ್ಲ.

ಜಪಾನ್‌ನ ಅನುಭವದಲ್ಲಿ ನಾವು ಕಲಿಯಬೇಕಾದ ಪಾಠವೂ ಇದೆ. ತರಬೇತಿ ಎಂಬ ಹೆಸರಿನಲ್ಲಿ ಬಂದ ಬೇರೆ ಬೇರೆ ದೇಶಗಳ ಇಂಟರ್ನ್‌ಗಳಲ್ಲಿ ಹಲವರು ಕಡಿಮೆ ಸಂಬಳಕ್ಕೆ ದುಡಿಯಬೇಕಾಯಿತು. ಊರಿನಲ್ಲಿ ಏಜೆಂಟರಿಗೆ ಕೊಟ್ಟ ಸಾಲ ತಲೆಯ ಮೇಲಿತ್ತು, ಕಂಪನಿ ಬದಲಾಯಿಸಲು ಅವಕಾಶ ಇರಲಿಲ್ಲ. ಟೀಕೆ ಹೆಚ್ಚಾದ ಮೇಲೆ ಜಪಾನ್ 2024ರ ಜೂನ್‌ನಲ್ಲಿ ಕಾನೂನು ತಿದ್ದಿ, ಈ ಕಾರ್ಯಕ್ರಮ ನಿಲ್ಲಿಸಿ 2027ರಿಂದ ಹೊಸ ವ್ಯವಸ್ಥೆ ತರಲು ನಿರ್ಧರಿಸಿತು. ಹೊಸದರಲ್ಲಿ ಒಂದೆರಡು ವರ್ಷದ ನಂತರ, ಕೆಲವು ಷರತ್ತುಗಳ ಮೇಲೆ, ಅದೇ ಕ್ಷೇತ್ರದ ಬೇರೆ ಕಂಪನಿಗೆ ಹೋಗಬಹುದು. ಕಾರ್ಯಕ್ರಮ ಪೂರ್ತಿ ಸರ್ಕಾರದ್ದೇ ಆಗಿದ್ದರೂ ‘ಎಲ್ಲಿ ದುಡಿಯಬೇಕು, ಬಿಡಬೇಕೆಂದರೆ ಏನು ಮಾಡಬೇಕು’ ಎಂದು ಮೊದಲೇ ಕೇಳಬೇಕು ಎಂಬುದಕ್ಕೆ ಇದು ಉದಾಹರಣೆ.

ಕಂಪನಿಯ ಹಂಗಿಲ್ಲದ ವೀಸಾಗಳೂ ಇವೆ

ಎಲ್ಲವೂ ಒಂದೇ ಕಂಪನಿಗೆ ಕಟ್ಟುಬಿದ್ದವಲ್ಲ. ಭಾರತ ಮತ್ತು ಬ್ರಿಟನ್ 2021ರ ಮೇ ತಿಂಗಳಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಿಂದ ಹುಟ್ಟಿದ ಯುವ ವೃತ್ತಿಪರರ ಯೋಜನೆ 2023ರ ಫೆಬ್ರವರಿಯಲ್ಲಿ ಶುರುವಾಯಿತು. 18ರಿಂದ 30 ವರ್ಷದೊಳಗಿನ ಪದವೀಧರರಿಗೆ ವರ್ಷಕ್ಕೆ 3,000ದವರೆಗೆ ವೀಸಾ. ಎರಡು ವರ್ಷ ಅಲ್ಲಿರಬಹುದು, ಮೊದಲೇ ಕೆಲಸ ಸಿಕ್ಕಿರಬೇಕು ಎಂದೇನಿಲ್ಲ. ಆದರೆ ಖಾತೆಯಲ್ಲಿ 2,530 ಪೌಂಡ್ ಇರಬೇಕು. ರೂಪಾಯಿಯಲ್ಲಿ ಎರಡೂವರೆ ಲಕ್ಷ ದಾಟುವ ಮೊತ್ತ ಇದು. ಅವಧಿ ಮುಗಿದ ಮೇಲೆ ಇದೇ ವೀಸಾವನ್ನು ಮುಂದುವರಿಸಲು ಆಗುವುದಿಲ್ಲ.

ಆಸ್ಟ್ರೇಲಿಯಾ 2024ರ ಕೊನೆಗೆ ಇಂಥದ್ದೇ ಒಂದನ್ನು ತಂದಿತು. ಎಂಜಿನಿಯರಿಂಗ್, ಗಣಿಗಾರಿಕೆ, ಐಟಿ, ಕೃಷಿ ತಂತ್ರಜ್ಞಾನದಂಥ ಕೆಲವು ವಿಷಯ ಓದಿದ 30 ವರ್ಷದೊಳಗಿನ ಪದವೀಧರರಿಗೆ ವರ್ಷಕ್ಕೆ 3,000 ಜಾಗ, ಎರಡು ವರ್ಷದ ಅವಧಿ.

ಎರಡು ಕಡೆಯೂ ಆಯ್ಕೆ ಲಾಟರಿ ಎತ್ತಿದ ಹಾಗೆ. ಬ್ರಿಟನ್ ಲಾಟರಿಗೆ ಹೆಸರು ಕೊಡಲು ಶುಲ್ಕವೇ ಇಲ್ಲ. ಆಸ್ಟ್ರೇಲಿಯಾದ್ದಕ್ಕೆ 25 ಡಾಲರ್, ಅದನ್ನು ಅವರ ಸರ್ಕಾರದ ಜಾಲತಾಣದಲ್ಲೇ ಕಟ್ಟಬೇಕು. ಲಾಟರಿ ಎಂದ ಮೇಲೆ ಯಾರ ಶಿಫಾರಸೂ ನಡೆಯುವುದಿಲ್ಲ. ‘ನಮ್ಮ ಕಡೆಯಿಂದ ಹಾಕಿದರೆ ಗ್ಯಾರಂಟಿ’ ಎನ್ನುವವರು ಮಾರುತ್ತಿರುವುದು ನಿಮ್ಮ ಅದೃಷ್ಟವನ್ನೇ.

ಇಲ್ಲಿಗೆ ಬರುವ ವಿದೇಶಿಯರಿಗೂ ನಿಯಮ ಇದೆ

‘ಅವರ ದೇಶದವರು ಇಲ್ಲಿ ಬಂದು ದುಡಿಯುತ್ತಾರೆ, ಅವರಿಗೇನು ಪರ್ಮಿಟ್?’ ಎಂದು ಕೆಲವರು ಕೇಳುತ್ತಾರೆ. ಅವರಿಗೂ ಬೇಕು. ಭಾರತದಲ್ಲಿ ವರ್ಕ್ ಪರ್ಮಿಟ್ ಎಂಬ ಬೇರೆ ಕಾಗದ ಇಲ್ಲ. ಉದ್ಯೋಗ ವೀಸಾದಲ್ಲೇ ಆ ಅನುಮತಿ ಸೇರಿದೆ. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ವಿದೇಶಿ ಅಡುಗೆ ಮಾಡುವ ಬಾಣಸಿಗರು, ಭಾಷಾ ಶಿಕ್ಷಕರಂಥ ಕೆಲವರಿಗೆ ಮಾತ್ರ ಈ ಮಿತಿಯಿಂದ ವಿನಾಯಿತಿ. ಗುಮಾಸ್ತಿಕೆಯಂಥ ಮಾಮೂಲಿ ಕೆಲಸಕ್ಕೆ, ಅರ್ಹ ಭಾರತೀಯರು ಬೇಕಾದಷ್ಟು ಸಿಗುವ ಕೆಲಸಕ್ಕೆ ಈ ವೀಸಾ ಕೊಡುವುದಿಲ್ಲ. ಕಲಿಯಲು ಬರುವವರಿಗೆ ಇಂಟರ್ನ್ ವೀಸಾ ಎಂಬ ಬೇರೆ ವರ್ಗ ಇದೆ. ದೀರ್ಘ ಕಾಲ ಇರುವವರು ನೋಂದಣಿ ಮಾಡಿಸಬೇಕು. ಜಿಲ್ಲೆಗಳಲ್ಲಿ ಅದನ್ನು ಸಾಮಾನ್ಯವಾಗಿ ನೋಡಿಕೊಳ್ಳುವುದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆಯೂ ಬಂದಿದೆ.

ನಮ್ಮ ಸರ್ಕಾರ ಇಷ್ಟು ಕೇಳುವಾಗ ಬೇರೆ ಸರ್ಕಾರಗಳು ಏನೂ ಕೇಳದೆ ಬಾಗಿಲು ತೆರೆದಿಟ್ಟಿರುತ್ತವೆಯೇ?

ದುಡ್ಡು ಯಾರು ಯಾರಿಗೆ ಕೊಡಬೇಕು?

ಗುಳೆ ಹೋಗುವವರಿಗೆ ಒಂದು ವಿಷಯ ಗೊತ್ತು. ಕೆಲಸಕ್ಕೆ ಆಳು ಬೇಕಾದಾಗ ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಟ್ಟು ಕರೆದುಕೊಂಡು ಹೋಗುತ್ತಾನೆ. ಆ ಮುಂಗಡವೇ ಆಮೇಲೆ ಕಾಲಿಗೆ ಸರಪಳಿಯಾಗುತ್ತದೆ, ಅದು ಬೇರೆ ಮಾತು. ಆದರೂ ಮೊದಲು ಕೈಯಿಂದ ದುಡ್ಡು ಬಿಚ್ಚುವವನು ಆಳು ಬೇಕಾದವನು. ವಿದೇಶದ ಹೆಸರಿನ ಮೋಸದಲ್ಲಿ ಇದು ತಲೆಕೆಳಗಾಗುತ್ತದೆ. ಕೆಲಸ ಮಾಡುವವನೇ ಲಕ್ಷಗಟ್ಟಲೆ ಮುಂಗಡ ಕೊಡುತ್ತಾನೆ. ಸರಪಳಿ ಮಾತ್ರ ಅವನ ಕಾಲಿಗೇ. ಅಲ್ಲಿ ಸಂಬಳ ಅರ್ಧ ಕೊಟ್ಟರೂ, ಹೊಡೆದರೂ, ಊರಿನ ಸಾಲ ನೆನೆದು ಬಾಯಿ ಮುಚ್ಚಿಕೊಂಡಿರುತ್ತಾನೆ.

ಕಾನೂನು ಏನು ಹೇಳುತ್ತದೆ? ಭಾರತದ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕವಾಗಿ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೆ ರಸೀದಿ ಕೊಡಬೇಕು. ಕೆನಡಾದಲ್ಲಿ ವಿದೇಶಿ ಕೆಲಸಗಾರ ಬೇಕೆಂದು ಕಂಪನಿ ಹಾಕುವ ಅರ್ಜಿಯ ಶುಲ್ಕ 1,000 ಡಾಲರ್. ಅದನ್ನು ಕಂಪನಿಯೇ ಕಟ್ಟಬೇಕು, ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಜಪಾನ್‌ನ ಇಂಟರ್ನ್ ಕಾರ್ಯಕ್ರಮದಲ್ಲಿ ಅಭ್ಯರ್ಥಿಯಿಂದ ಠೇವಣಿ ಪಡೆಯುವುದಕ್ಕೂ, ಅಲ್ಲಿ ಹೋದ ಮೇಲೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದಕ್ಕೂ ನಿಷೇಧ ಇದೆ. ಬೇರೆ ಬೇರೆ ದೇಶದ ಈ ನಿಯಮಗಳ ಹಿಂದೆ ಇರುವುದು ಒಂದೇ ವಿಚಾರ: ಆಳು ಬೇಕಾದವನು ಖರ್ಚು ಮಾಡಲಿ.

ಹತ್ತಿರದಲ್ಲೇ ನಡೆದದ್ದು

ಇದೆಲ್ಲ ಎಲ್ಲೋ ದೂರದ ಮಾತು ಅನ್ನಿಸಿದರೆ 2024ರ ಆರಂಭದ ಸುದ್ದಿ ನೆನಪಿಸಿಕೊಳ್ಳಿ. ರಷ್ಯಾದಲ್ಲಿ ಸೆಕ್ಯುರಿಟಿ ಮತ್ತು ಸಹಾಯಕರ ಕೆಲಸ ಎಂದು ನಂಬಿಸಿ ಕರೆದೊಯ್ದ ಭಾರತದ ಯುವಕರನ್ನು ಉಕ್ರೇನ್ ಯುದ್ಧಕ್ಕೆ ದೂಡಿದ ಪ್ರಕರಣ ಅದು. ಅವರಲ್ಲಿ ಮೂವರು ಕಲಬುರಗಿ ಜಿಲ್ಲೆಯವರು. ಇನ್ನೊಬ್ಬ ಯುವಕ ತೆಲಂಗಾಣದ ನಾರಾಯಣಪೇಟೆಯವನು. ದೇವಸುಗೂರಿನ ಬಳಿ ಕೃಷ್ಣಾ ಸೇತುವೆ ದಾಟಿದರೆ ಸಿಗುವುದೇ ಆ ಜಿಲ್ಲೆ. ಯೂಟ್ಯೂಬ್ ವಿಡಿಯೊ ನೋಡಿ ಏಜೆಂಟರನ್ನು ಸಂಪರ್ಕಿಸಿದ್ದರು, ಲಕ್ಷಗಟ್ಟಲೆ ಹಣ ಕೊಟ್ಟಿದ್ದರು, ಓದಲು ಬಾರದ ರಷ್ಯನ್ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿದ್ದರು ಎಂದು ಪತ್ರಿಕೆಗಳು ವರದಿ ಮಾಡಿದವು. ಇದೇ ಜಾಲಕ್ಕೆ ಸಿಕ್ಕ ಗುಜರಾತಿನ ಯುವಕನೊಬ್ಬ ಅಲ್ಲೇ ಸತ್ತ. 2024ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಈ ನಾಲ್ವರು ಮನೆಗೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ.

ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಎಂದು ಕರೆದು ಮ್ಯಾನ್ಮಾರ್‌ಗೆ ಅಕ್ರಮವಾಗಿ ಸಾಗಿಸಿ ಸೈಬರ್ ವಂಚನೆ ಮಾಡಿಸುವ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು. ಕಂಪ್ಯೂಟರ್ ಬಲ್ಲ ಯುವಕರೇ ಅವರ ಗುರಿ.

ಈ ಎರಡರಲ್ಲೂ ಹೋದವರ ಬಳಿ ಪಾಸ್‌ಪೋರ್ಟ್ ಇತ್ತು, ವಿಮಾನದ ಟಿಕೆಟ್ ಇತ್ತು. ಹೇಳಿದ ಕೆಲಸಕ್ಕೆ ಆ ದೇಶ ಕೊಟ್ಟ ಅನುಮತಿ ಮಾತ್ರ ಇರಲಿಲ್ಲ.

‘ನನ್ನದು ಇಸಿಎನ್‌ಆರ್ ಪಾಸ್‌ಪೋರ್ಟ್, ನನಗೇನೂ ಬೇಡ’

ಇದು ಇನ್ನೊಂದು ತಪ್ಪು ತಿಳುವಳಿಕೆ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಸಿಗುತ್ತದೆ. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗುವ ಮೊದಲು ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲ, ಅವರದು ಇಸಿಎನ್‌ಆರ್.

ಇದರ ಅರ್ಥ ಭಾರತ ಬಿಡಲು ನಮ್ಮ ಸರ್ಕಾರದ ಅನುಮತಿ ಬೇಡ ಎಂದಷ್ಟೇ. ಅಲ್ಲಿ ದುಡಿಯಲು ಆ ದೇಶದ ಅನುಮತಿ ಬೇಡ ಎಂದಲ್ಲ. ಇನ್ನೊಂದು ಮಾತು: ಇಸಿಆರ್ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷದ ವಿಮೆ. ವಿಸಿಟ್ ವೀಸಾದಲ್ಲಿ ಕಳ್ಳದಾರಿಯಿಂದ ಹೋದವರ ಮನೆಯವರಿಗೆ ಈ ಆಸರೆಯೂ ಇರುವುದಿಲ್ಲ.

ಮೊಬೈಲ್‌ನಲ್ಲೇ ಮಾಡಬಹುದಾದ ಪರೀಕ್ಷೆ

ಸಂದೇಶ ಬಂದ ಮೊಬೈಲ್‌ನಲ್ಲೇ ಅದನ್ನು ಪರೀಕ್ಷೆ ಮಾಡಬಹುದು. ಹತ್ತು ನಿಮಿಷ ಸಾಕು.

1. ಏಜೆಂಟ್ ನೋಂದಾಯಿತನೇ? ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು, ಪರವಾನಗಿ ಸಂಖ್ಯೆ, ವಿಳಾಸ ಮೂರೂ ಹೊಂದಬೇಕು. ನೋಂದಾಯಿತ ಏಜೆಂಟನ ‘ಸಬ್ ಏಜೆಂಟ್’ ನಾನು ಎಂದರೆ, ಆ ಮೂಲ ಕಚೇರಿಗೇ ಫೋನ್ ಮಾಡಿ ಕೇಳಿ.

2. ಕಾರ್ಯಕ್ರಮದ ಪೂರ್ತಿ ಹೆಸರೇನು? ಬರೀ ಎಕ್ಸ್‌ಚೇಂಜ್ ಎಂದರೆ ಸಾಲದು. ಯಾವ ವೀಸಾ ವರ್ಗ, ಯಾವ ಪ್ರಾಯೋಜಕ ಸಂಸ್ಥೆ ಎಂದು ಬರೆದು ಕೊಡಲು ಹೇಳಿ. ಅದನ್ನು ಆ ದೇಶದ ರಾಯಭಾರ ಕಚೇರಿಯ ಜಾಲತಾಣದಲ್ಲಿ ನೋಡಿ.

3. ಅನುಮತಿಗೆ ಅರ್ಜಿ ಹಾಕುವವರು ಯಾರು? ನಿಮ್ಮನ್ನು ತೆಗೆದುಕೊಳ್ಳುವ ಕಂಪನಿ ಎಂದರೆ ಮುಂದೆ ಮಾತಾಡಬಹುದು. ಲಾಟರಿ ವೀಸಾಗಳಲ್ಲಿ ನೀವೇ ಹಾಕುತ್ತೀರಿ. ಪರ್ಮಿಟ್ ನಾವೇ ಪ್ರಿಂಟ್ ಮಾಡಿಸುತ್ತೇವೆ ಎಂದರೆ ಅಲ್ಲಿಗೆ ನಿಲ್ಲಿಸಿ.

4. ಹಣ ಎಲ್ಲಿಗೆ ಹೋಗುತ್ತದೆ? ಒಬ್ಬ ವ್ಯಕ್ತಿಯ ಫೋನ್‌ಪೇ, ಗೂಗಲ್‌ಪೇ ನಂಬರಿಗೆ ವೀಸಾ ಶುಲ್ಕ ಕಟ್ಟುವ ಪದ್ಧತಿ ಯಾವ ಸರ್ಕಾರದಲ್ಲೂ ಇಲ್ಲ.

5. ಒಪ್ಪಂದ ಯಾವ ಭಾಷೆಯಲ್ಲಿದೆ? ನಿಮಗೆ ಓದಲು ಬರುವ ಭಾಷೆಯ ಪ್ರತಿ ಇಲ್ಲದೆ ಸಹಿ ಹಾಕಬೇಡಿ. ಕೆಲಸ, ಸಂಬಳ, ವಾರದ ತಾಸುಗಳು, ಅವಧಿ, ಮರಳುವ ಟಿಕೆಟ್ ಯಾರದು ಎಂಬುದು ಅದರಲ್ಲಿ ಇರಬೇಕು. ಒಂದು ಪ್ರತಿ ಮನೆಯಲ್ಲಿ ಇರಲಿ.

ಸರ್ಕಾರದ ಕಡೆಯಿಂದಲೇ ಹೋಗಬೇಕೆಂದರೆ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಯಾವ ದೇಶದಲ್ಲಿ ಯಾವ ಕೆಲಸಕ್ಕೆ ನೇಮಕಾತಿ ನಡೆಯುತ್ತಿದೆ ಎಂದು ಅಲ್ಲಿ ವಿಚಾರಿಸಬಹುದು.

ಹಣ ಕಟ್ಟಿಯಾಗಿದ್ದರೆ?

ನಾಚಿಕೊಂಡು ಸುಮ್ಮನಿರಬೇಡಿ. ಮೋಸಗಾರರ ಬಂಡವಾಳವೇ ಈ ನಾಚಿಕೆ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಓಡುತ್ತದೆ. ಚಾಟ್, ಧ್ವನಿ ಸಂದೇಶ, ರಸೀದಿಗಳನ್ನು ಅಳಿಸದೆ ಇಟ್ಟುಕೊಂಡು ಠಾಣೆಯಲ್ಲಿ ದೂರು ಕೊಡಿ. ನೋಂದಣಿ ಇಲ್ಲದ ಏಜೆಂಟನ ಮೇಲೆ ವಲಸೆ ಕಾಯ್ದೆಯ ಅಡಿಯಲ್ಲೂ ಕ್ರಮ ಆಗಬಹುದು. ಬೆಂಗಳೂರಿನಲ್ಲಿ ವಲಸೆ ಸಂರಕ್ಷಕರ ಕಚೇರಿ ಇದೆ. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090.

ಮನೆಯವರು ಈಗಾಗಲೇ ಅಲ್ಲಿ ಸಿಕ್ಕಿಕೊಂಡಿದ್ದರೆ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿ. ಅವರ ಪಾಸ್‌ಪೋರ್ಟ್ ಸಂಖ್ಯೆ, ಕೆಲಸದ ಜಾಗದ ವಿಳಾಸ ಕೈಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ಆದ್ದರಿಂದ ಯಾರೇ ವಿದೇಶಕ್ಕೆ ಹೊರಟರೂ ಪಾಸ್‌ಪೋರ್ಟ್, ವೀಸಾ, ಒಪ್ಪಂದ ಮೂರರ ಫೋಟೊ ತೆಗೆದು ಮನೆಯ ಒಂದು ಫೋನಿನಲ್ಲಿ ಇಟ್ಟಿರಿ.

ಕೊನೆಯ ಮಾತು

ವಿದೇಶಕ್ಕೆ ಹೋಗಿ ದುಡಿಯುವ ಆಸೆ ತಪ್ಪಲ್ಲ. ಅದಕ್ಕೆ ಸರಿಯಾದ ದಾರಿಗಳಿವೆ, ಆ ದಾರಿಯಲ್ಲಿ ಹೋಗಿ ಮನೆ ಕಟ್ಟಿದವರೂ ಇದ್ದಾರೆ. ಆ ದಾರಿ ನಿಧಾನ. ಪರೀಕ್ಷೆ ಇದೆ, ಭಾಷೆ ಕಲಿಯಬೇಕು, ಕಾಗದ ಬರಲು ಕಾಯಬೇಕು. ‘ಸೀಟು ಕಡಿಮೆ, ಇವತ್ತೇ ಕಟ್ಟಿ’ ಎನ್ನುವವರಿಗೆ ಬೇಕಾಗಿರುವುದು ನಿಮ್ಮ ಅವಸರ ಮಾತ್ರ.

ಮುಂದಿನ ಸಲ ಇಂಥ ಸಂದೇಶ ಬಂದರೆ ಗ್ರೂಪ್‌ಗೆ ಹಾಕುವ ಮೊದಲು ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ‘ಈ ಏಜೆಂಟನ ನೋಂದಣಿ ಸಂಖ್ಯೆ ಎಷ್ಟು?’ ಉತ್ತರ ಬಂದರೆ ಇ-ಮೈಗ್ರೇಟ್‌ನಲ್ಲಿ ತಾಳೆ ನೋಡಿ. ಬಾರದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ಕೊನೆಯಾಗಲಿ.